ನಿರ್ಲಾಂಛನ ಕರ್ಮವೂ ನಾಯಿಯ ಸಂತಾನನಿಯಂತ್ರಣವೂ: ಒಂದು ಚಾರಿತ್ರಿಕ ಅವಲೋಕನ

ಜೀವಂಧರ ಕುಮಾರನ ಕಥೆಯನ್ನು ಕೇಳದ ಜೈನ ಮನೆತನ ಕರ್ನಾಟಕದಲ್ಲಿ ವಿರಳ. ವಾದೀಭಸಿಂಹ ಸೂರಿಯ ಸಂಸ್ಕೃತ ಕಾವ್ಯದಲ್ಲಿಯೂ, ಕ್ರಿ.ಶ. 1424ರಲ್ಲಿ ಭಾಸ್ಕರ ಕವಿ ಭಾಮಿನಿ ಷಟ್ಪದಿಯಲ್ಲಿ ರಚಿಸಿದ ಕನ್ನಡ ‘ಜೀವಂಧರ ಚರಿತೆ’ಯಲ್ಲಿಯೂ ಬರುವ ಪ್ರಸಂಗವದು. ಯಜ್ಞಕ್ಕಾಗಿ ಸಿದ್ಧಪಡಿಸಿದ ಆಹಾರವನ್ನು ಮುಟ್ಟಿದ ತಪ್ಪಿಗೆ ಹೊಡೆತ ತಿಂದು ಸಾಯುತ್ತಿದ್ದ ನಾಯಿಯೊಂದರ ಕಿವಿಯಲ್ಲಿ ಕುಮಾರನು ಪಂಚನಮಸ್ಕಾರ ಮಂತ್ರವನ್ನು ಉಚ್ಚರಿಸುತ್ತಾನೆ. ಆ ಜೀವ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಮುಂದೆ ಅವನಿಗೆ ನೆರವಾಗುತ್ತದೆ. ಧರ್ಮದಿಂದ ನಾಯಿಯೂ ದೇವನಾಗಬಲ್ಲುದು, ಅಧರ್ಮದಿಂದ ದೇವನೂ ನಾಯಿಯಾಗಬಲ್ಲನು ಎಂಬ ಸಮಂತಭದ್ರಾಚಾರ್ಯರ ಮಾತಿಗೆ ಇದು ಸೊಗಸಾದ ನಿದರ್ಶನ.

ಆದರೆ ಈ ಕಥೆ ನಾಯಿಯ ಮರಣಕಾಲವನ್ನು ಕುರಿತದ್ದು. ಇಂದು ಬಸದಿಯ ಅಂಗಳದಲ್ಲಿ, ಅನ್ನಛತ್ರದ ಹಿಂಬದಿಯಲ್ಲಿ, ಶ್ರಾವಕರ ಮನೆಯ ಜಗಲಿಯ ಕೆಳಗೆ ಏಳುವ ಪ್ರಶ್ನೆ ಅದರ ಜನ್ಮಕಾಲಕ್ಕೆ ಸಂಬಂಧಿಸಿದುದು. ಪ್ರತಿ ಚಳಿಗಾಲದಲ್ಲಿ ನಾಲ್ಕೋ ಆರೋ ಮರಿಗಳು ಅಲ್ಲಿ ಕಣ್ಣು ಬಿಡುತ್ತವೆ. ಮಕ್ಕಳು ಹಾಲು ಹಾಕುತ್ತಾರೆ, ಹಿರಿಯರು ಜೀವದಯೆಯೆಂದು ಸಂತೋಷಪಡುತ್ತಾರೆ. ಮರುವರ್ಷ ನೋಡಿದರೆ ಅವುಗಳಲ್ಲಿ ಒಂದು ಉಳಿದಿರುತ್ತದೆ, ಅಥವಾ ಅದೂ ಇರುವುದಿಲ್ಲ. ಪಶ್ಚಿಮ ಬಂಗಾಳದಲ್ಲಿ ವಿಜ್ಞಾನಿಗಳು 95 ಸೂಲುಗಳ 364 ಬೀದಿಮರಿಗಳನ್ನು ಹುಟ್ಟಿನಿಂದ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಏಳನೆಯ ತಿಂಗಳನ್ನು ಮುಟ್ಟಿದವು ನೂರಕ್ಕೆ ಸುಮಾರು 19 ಮಾತ್ರ. ಸತ್ತವುಗಳಲ್ಲಿ ನೂರಕ್ಕೆ 63ರ ಸಾವಿಗೆ ಪ್ರತ್ಯಕ್ಷವಾಗಿಯೋ ಪರೋಕ್ಷವಾಗಿಯೋ ಮನುಷ್ಯನೇ ಕಾರಣನಾಗಿದ್ದನು. ಹಾಲು ಹಾಕಿದ ಕೈ ಈ ಲೆಕ್ಕವನ್ನು ನೋಡುವುದಿಲ್ಲ.

ಹುಟ್ಟನ್ನೇ ತಡೆಯೋಣವೆಂದರೆ ಶ್ರಾವಕನಿಗೆ ಶಾಸ್ತ್ರ ಅಡ್ಡ ಬರುವಂತೆ ತೋರುತ್ತದೆ. ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಬಂಧನವೂ ಛೇದನವೂ ಸೇರಿವೆ: ಪ್ರಾಣಿಯನ್ನು ಅದರ ಇಚ್ಛೆಗೆ ವಿರುದ್ಧವಾಗಿ ಕಟ್ಟುವುದು, ಅದರ ಅವಯವಗಳನ್ನು ಕತ್ತರಿಸುವುದು. ತತ್ತ್ವಾರ್ಥಸೂತ್ರವೂ ರತ್ನಕರಂಡಕ ಶ್ರಾವಕಾಚಾರವೂ ಇವನ್ನು ಹೇಳುತ್ತವೆ. ಗೃಹಸ್ಥನು ಬಿಡಬೇಕಾದ ಹದಿನೈದು ವೃತ್ತಿಗಳ ಪಟ್ಟಿ ಇನ್ನೂ ಸ್ಪಷ್ಟವಾಗಿದೆ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿ ಅವು ವಿವರವಾಗಿ ಬಂದಿವೆ. ಹದಿಮೂರನೆಯ ಶತಮಾನದ ದಿಗಂಬರ ಪಂಡಿತ ಆಶಾಧರರ ಸಾಗಾರಧರ್ಮಾಮೃತವೂ ಖರಕರ್ಮಗಳೆಂದು ಅವನ್ನು ಚರ್ಚಿಸುತ್ತದೆ. ಅವುಗಳಲ್ಲಿ ಎರಡು ಇಲ್ಲಿ ಪ್ರಸ್ತುತ. ಒಂದು ನಿರ್ಲಾಂಛನ ಕರ್ಮ: ಪಶುಗಳ ಮೂಗು ಚುಚ್ಚುವುದು, ಬರೆ ಹಾಕಿ ಗುರುತು ಮಾಡುವುದು, ಬೀಜ ಒಡೆಯುವುದು, ಕಿವಿ ಮತ್ತು ಗಂಗೆದೊಗಲುಗಳನ್ನು ಕತ್ತರಿಸುವುದು. ಇನ್ನೊಂದು ಅಸತೀಪೋಷಣ: ಹಣಕ್ಕಾಗಿ ಗಿಳಿ, ಬೆಕ್ಕು, ನಾಯಿ, ಕೋಳಿ ಮೊದಲಾದವನ್ನು ಸಾಕುವುದು. ಬೀದಿನಾಯಿಯ ಶಸ್ತ್ರಚಿಕಿತ್ಸೆಗೆ ಹಣ ಕೊಡಲು ಹಿಂಜರಿಯುವ ಟ್ರಸ್ಟಿನ ಹಿರಿಯರು ಮೊದಲನೆಯದನ್ನು ಕೂಡಲೇ ನೆನಪಿಸುತ್ತಾರೆ. ಎರಡನೆಯದು ಅಷ್ಟಾಗಿ ನೆನಪಾಗುವುದಿಲ್ಲ.

ಶಾಸ್ತ್ರಕಾರರು ಮಾತ್ರ ಪಟ್ಟಿ ಕೊಟ್ಟು ಸುಮ್ಮನಾದವರಲ್ಲ. ಶ್ರಾವಕಾಚಾರದ ವ್ಯಾಖ್ಯಾನಕಾರರು ಬಂಧ-ಛೇದಗಳನ್ನು ಸಾರ್ಥಕ, ನಿರರ್ಥಕ ಎಂದೂ, ಸಾರ್ಥಕವಾದುದನ್ನು ಸಾಪೇಕ್ಷ, ನಿರಪೇಕ್ಷ ಎಂದೂ ವಿಂಗಡಿಸಿದರು. ಬೆಂಕಿ ಬಿದ್ದಾಗ ಪ್ರಾಣಿ ತಪ್ಪಿಸಿಕೊಳ್ಳಲಾಗುವಂತೆ ಸಡಿಲ ಹಗ್ಗದಿಂದ ಕಟ್ಟುವುದು ಸಾಪೇಕ್ಷ ಬಂಧ. ಅಲುಗಾಡದಂತೆ ಬಿಗಿಯುವುದು ನಿರಪೇಕ್ಷ. ಕ್ರೋಧದಿಂದಲೋ ಲಾಭಕ್ಕಾಗಿಯೋ ಕಿವಿ ಕತ್ತರಿಸುವುದು ನಿರಪೇಕ್ಷ ಛೇದ. ನೋವು ಕೊಡುವ ಕುರುವನ್ನು ಕೊಯ್ಯುವುದು ಸಾಪೇಕ್ಷ. ಯಾರ ಹಿತಕ್ಕಾಗಿ, ಎಷ್ಟು ಎಚ್ಚರಿಕೆಯಿಂದ ಎಂಬುದೇ ಇಲ್ಲಿನ ಒರೆಗಲ್ಲು. ನಿರ್ಲಾಂಛನವನ್ನು ನಿಷೇಧಿಸಿದ ಕಾಲದಲ್ಲಿ ಹೋರಿಯ ಬೀಜ ಒಡೆಯುತ್ತಿದ್ದುದು ನೇಗಿಲಿಗೂ ಗಾಡಿಗೂ ಅದನ್ನು ಪಳಗಿಸಲಿಕ್ಕೆ, ಅದೂ ಪ್ರಜ್ಞೆ ತಪ್ಪಿಸುವ ಯಾವ ಔಷಧವೂ ಇಲ್ಲದೆ. ಈಥರ್ 1846ರಲ್ಲಿ, ಕ್ಲೋರೋಫಾರ್ಮ್ 1847ರಲ್ಲಿ ಶಸ್ತ್ರವೈದ್ಯಕ್ಕೆ ಬಂದವು. ಹೇಮಚಂದ್ರರ ಕಣ್ಣೆದುರಿಗಿದ್ದ ಕ್ರಿಯೆಗೂ ಇಂದಿನ ಪಶುವೈದ್ಯನ ಮೇಜಿನ ಮೇಲಿನ ಕ್ರಿಯೆಗೂ ಹೆಸರಿನ ಸಾಮ್ಯವಿರಬಹುದು. ಉದ್ದೇಶದಲ್ಲಿಯೂ ವೇದನೆಯಲ್ಲಿಯೂ ಸಾಮ್ಯವಿಲ್ಲ. ಹಾಗೆಂದು ಅದು ಸಂಪೂರ್ಣ ನಿರ್ದೋಷವೆಂದೂ ಹೇಳುವಂತಿಲ್ಲ. ಒಂದು ಆರೋಗ್ಯವಂತ ಪ್ರಾಣಿಯ ಹೊಟ್ಟೆಯನ್ನು ಅದರ ಒಪ್ಪಿಗೆಯಿಲ್ಲದೆ ಕೊಯ್ಯುವುದು ಛೇದವೇ. ಅದು ಸಾಪೇಕ್ಷವಾಗಿ ಉಳಿಯಬೇಕಾದರೆ ಮಾಡುವವನಿಗೆ ಒಂದು ವಿಷಯ ಚೆನ್ನಾಗಿ ತಿಳಿದಿರಬೇಕು. ಅದು ಕಾಲ.

ಹೆಣ್ಣು ನಾಯಿಯ ಬೆದೆಯ ಕಾಲವನ್ನು ಮನುಷ್ಯನು ಗಮನಿಸಿದ್ದು ಹಳೆಯ ಕಾಲದಲ್ಲಿಯೇ. ಗ್ರೀಕ್ ದಾರ್ಶನಿಕ ಅರಿಸ್ಟಾಟಲನು ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಬರೆದ ಪ್ರಾಣಿಚರಿತ್ರೆಯಲ್ಲಿ ಬೆದೆಯ ಅವಧಿ ಹದಿನಾಲ್ಕು ದಿನವೆಂದೂ, ಬೇಟೆನಾಯಿಯ ಗರ್ಭ ಅರವತ್ತು ದಿನವೋ ಒಂದೆರಡು ದಿನ ಹೆಚ್ಚೋ ಎಂದೂ ಲೆಕ್ಕ ಕೊಟ್ಟಿದ್ದಾನೆ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಇಟಲಿಯ ಪಾದ್ರಿ-ವಿಜ್ಞಾನಿ ಸ್ಪಲ್ಲಾಂಜಾನಿ, ಗಂಡಿನ ಸಂಪರ್ಕವಾಗದಂತೆ ಹೆಣ್ಣು ನಾಯಿಯೊಂದನ್ನು ಕೋಣೆಯಲ್ಲಿಟ್ಟು, ಬೆದೆಯ ಲಕ್ಷಣ ಕಂಡ ಮೇಲೆ ಕೃತಕ ಗರ್ಭಧಾರಣೆ ಮಾಡಿದನು. 62 ದಿನಗಳ ಬಳಿಕ ಮೂರು ಮರಿಗಳು ಹುಟ್ಟಿದವು. ಗರ್ಭ ಕಟ್ಟಿಸಲು ಮಾಡಿದ ಈ ಪ್ರಯೋಗ ತಿಳಿಯದೆಯೇ ಇನ್ನೊಂದನ್ನೂ ತೋರಿಸಿತು: ಬೀಗ ಹಾಕಿದ ಬಾಗಿಲು ಗರ್ಭವನ್ನು ತಡೆಯಬಲ್ಲುದು. ಬೆದೆಯ ಹಂತಗಳಿಗೆ ಇಂದಿಗೂ ಬಳಕೆಯಲ್ಲಿರುವ ಹೆಸರುಗಳನ್ನು 1900ರಲ್ಲಿ ಇಂಗ್ಲೆಂಡಿನ ವಾಲ್ಟರ್ ಹೀಪ್ ರೂಢಿಗೆ ತಂದನು. 1931ರಲ್ಲಿ ಕ್ಯಾಲಿಫೋರ್ನಿಯಾದ ಇವಾನ್ಸ್ ಮತ್ತು ಕೋಲ್ ಎಂಬ ವಿಜ್ಞಾನಿಗಳು ನಾಯಿಯ ಋತುಚಕ್ರದ ಸಮಗ್ರ ಅಧ್ಯಯನವನ್ನು ಪ್ರಕಟಿಸಿದರು.

ಈ ಅಧ್ಯಯನಗಳಿಂದ ಹೊರಬಿದ್ದ ಸಂಗತಿಗಳು ಸರಳ, ಆದರೂ ಮನೆಮನೆಗಳಲ್ಲಿ ತಪ್ಪಾಗಿ ತಿಳಿಯಲ್ಪಟ್ಟಿವೆ. ಹೆಣ್ಣು ನಾಯಿ ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳೊಳಗೆ ಮೊದಲ ಸಲ ಬೆದೆಗೆ ಬರುತ್ತದೆ. ಬಹಳ ದೊಡ್ಡ ತಳಿಗಳಲ್ಲಿ ಇನ್ನೂ ತಡವಾಗಬಹುದು. ಆಮೇಲೆ ಸುಮಾರು ಆರೇಳು ತಿಂಗಳಿಗೊಮ್ಮೆ. ಮೊದಲ ಹಂತ ಸರಾಸರಿ ಒಂಬತ್ತು ದಿನ: ಯೋನಿಭಾಗ ಊದುತ್ತದೆ, ರಕ್ತಮಿಶ್ರಿತ ಸ್ರಾವವಾಗುತ್ತದೆ, ಗಂಡುಗಳು ಸುತ್ತಿಕೊಳ್ಳುತ್ತವೆ, ಆದರೆ ಹೆಣ್ಣು ಒಪ್ಪುವುದಿಲ್ಲ. ಎರಡನೆಯ ಹಂತವೂ ಸರಾಸರಿ ಒಂಬತ್ತು ದಿನ: ಸ್ರಾವದ ಬಣ್ಣ ತಿಳಿಯಾಗುತ್ತದೆ, ಬಾಲವನ್ನು ಒಂದು ಬದಿಗೆ ಸರಿಸಿ ನಿಲ್ಲುತ್ತದೆ, ಗಂಡನ್ನು ಸ್ವೀಕರಿಸುತ್ತದೆ. ಸ್ರಾವವನ್ನು ಕಂಡು ‘ಮುಟ್ಟು’ ಎಂದು ಕರೆಯುವ ರೂಢಿಯೇ ಅನರ್ಥಕ್ಕೆ ಮೂಲವಾಗಿದೆ. ಸ್ತ್ರೀಯರಲ್ಲಿ ರಕ್ತಸ್ರಾವ ಗರ್ಭ ನಿಲ್ಲದೆ ಮುಗಿದ ಚಕ್ರದ ಕುರುಹು. ನಾಯಿಯಲ್ಲಿ ಅದು ಗರ್ಭಯೋಗ್ಯ ಕಾಲ ಹತ್ತಿರವಾಗುತ್ತಿರುವುದರ ಸೂಚನೆ. ರಕ್ತ ನಿಂತಿತು, ಇನ್ನು ಭಯವಿಲ್ಲವೆಂದು ಹತ್ತನೆಯ ದಿನ ಬಾಗಿಲು ತೆರೆಯುವ ಗೃಹಸ್ಥನು ಅತ್ಯಂತ ಅಪಾಯದ ದಿನವನ್ನೇ ಆರಿಸಿಕೊಂಡಂತೆ. ಗಂಡಿನ ವೀರ್ಯಾಣು ಹೆಣ್ಣಿನ ದೇಹದಲ್ಲಿ ಹಲವು ದಿನ, ಕೆಲವೊಮ್ಮೆ ಒಂದು ವಾರದವರೆಗೆ ಬದುಕಿರಬಲ್ಲುದು. ಅಂಡಾಣುವಾದರೋ ಹೊರಬಂದ ಮೇಲೆ ಪಕ್ವವಾಗಲು ಎರಡು ದಿನ ತೆಗೆದುಕೊಳ್ಳುತ್ತದೆ. ಒಂದೇ ಸೂಲಿನ ಮರಿಗಳಿಗೆ ಇಬ್ಬರು ತಂದೆಯರಿರುವುದೂ ಉಂಟು. ಗರ್ಭದ ಅವಧಿ ಸುಮಾರು 63 ದಿನ.

ಆದ್ದರಿಂದ ಮನೆಯ ನಾಯಿಗೆ ಮೊದಲ ಸ್ರಾವ ಕಂಡ ದಿನದಿಂದ ಮೂರು ವಾರ ಪೂರ್ಣ ಕಾವಲು ಬೇಕು. ನಾಲ್ಕು ವಾರವೆಂದರೆ ಇನ್ನೂ ಕ್ಷೇಮ. ಕಾವಲೆಂದರೆ ಹಿತ್ತಿಲಲ್ಲಿ ಸರಪಳಿಗೆ ಕಟ್ಟುವುದಲ್ಲ. ಅದು ಬಂಧನದ ಅತಿಚಾರವನ್ನೂ ತರುತ್ತದೆ, ಗರ್ಭವನ್ನೂ ತಡೆಯುವುದಿಲ್ಲ. ಗೋಡೆ ಹಾರಿ ಬರುವ ಗಂಡು ನಾಯಿಗೆ ಕಟ್ಟಿದ ಹೆಣ್ಣು ಇನ್ನೂ ಸುಲಭ. ಗಾಳಿ ಬೆಳಕಿರುವ ಕೋಣೆ, ಹೊತ್ತಿಗೆ ಸರಿಯಾದ ಅನ್ನ-ನೀರು, ದಿನಕ್ಕೆ ಎರಡು ಮೂರು ಬಾರಿ ಹಗ್ಗ ಹಿಡಿದ ದೊಡ್ಡವರ ಜೊತೆ ಹೊರಗೆ ಸುತ್ತಾಟ: ಸಾಪೇಕ್ಷ ಬಂಧವೆಂದರೆ ಇದು. ಅದೇ ಮನೆಯ ಗಂಡು ನಾಯಿಯನ್ನು, ಅದು ಸಹೋದರನೇ ಆಗಿರಲಿ ಮಗನೇ ಆಗಿರಲಿ, ಬೇರೆ ಇರಿಸಬೇಕು. ಈ ಸಂಬಂಧಗಳ ಎಣಿಕೆ ಅವಕ್ಕಿಲ್ಲ. ಕೂಡಿದ ಬಳಿಕ ನಾಯಿಗಳು ಒಂದಕ್ಕೊಂದು ಅಂಟಿಕೊಂಡು ಹತ್ತಾರು ನಿಮಿಷ ನಿಲ್ಲುತ್ತವೆ. ಆಗ ಬೀದಿಯಲ್ಲಿ ಕಲ್ಲೆಸೆಯುವವರು, ಬಿಸಿನೀರು ಎರಚುವವರು, ಎಳೆದು ಬಿಡಿಸುವವರು ಇಂದಿಗೂ ಇದ್ದಾರೆ. ಇದರಿಂದ ಎರಡೂ ಪ್ರಾಣಿಗಳಿಗೆ ಒಳಗಾಯವಾಗುತ್ತದೆಯೇ ಹೊರತು ಗರ್ಭ ತಪ್ಪುವುದಿಲ್ಲ, ಏಕೆಂದರೆ ಆ ವೇಳೆಗೆ ವೀರ್ಯಸ್ಖಲನ ಆಗಿಹೋಗಿರುತ್ತದೆ. ನಿರರ್ಥಕ ಹಿಂಸೆಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಾರದು.

ಬೀದಿನಾಯಿಗೆ ಕೋಣೆಯಿಲ್ಲ. ಆದರೆ ಅದಕ್ಕೂ ಒಂದು ಕಾಲನಿಯಮವಿದೆ. ಭಾರತದ ಬೀದಿನಾಯಿಗಳು ವರ್ಷವೆಲ್ಲ ಸಮನಾಗಿ ಬೆದೆಗೆ ಬರುವುದಿಲ್ಲವೆಂದೂ, ಮಳೆಗಾಲದ ಕೊನೆಯಿಂದ ಚಳಿಗಾಲದ ಆರಂಭದವರೆಗೆ ಅದು ಹೆಚ್ಚೆಂದೂ ಜೈಪುರದಲ್ಲಿಯೂ ಬಂಗಾಳದಲ್ಲಿಯೂ ನಡೆದ ಅವಲೋಕನಗಳು ತೋರಿಸಿವೆ. ಅಂದರೆ ಭಾದ್ರಪದದ ಸುತ್ತಮುತ್ತ. ಬಸದಿಗಳಲ್ಲಿ ದಶಲಕ್ಷಣ ಪರ್ವ ನಡೆಯುವ, ಉತ್ತಮ ಕ್ಷಮೆಯ ಪ್ರವಚನ ಕೇಳಲು ಊರೆಲ್ಲ ಸೇರುವ ದಿನಗಳಲ್ಲಿಯೇ ಹೊರಗಿನ ಅಂಗಳದಲ್ಲಿ ಮುಂದಿನ ಚಳಿಗಾಲದ ಮರಿಗಳು ಗರ್ಭದಲ್ಲಿ ನೆಲೆಗೊಳ್ಳುತ್ತವೆ.

ಈ ಕಾಲಜ್ಞಾನ ಭಾರತದ ನಗರಗಳ ಆಡಳಿತಕ್ಕೆ ಬಹುಕಾಲ ಉಪಯೋಗಕ್ಕೆ ಬರಲಿಲ್ಲ. ಆಡಳಿತ ಪ್ರತಿಸಲವೂ ಹುಟ್ಟಿದ ಮೇಲೆ ಬಂತು, ದೊಣ್ಣೆ ಹಿಡಿದು ಬಂತು. 1832ರ ಬೇಸಗೆಯಲ್ಲಿ ಮುಂಬಯಿಯ ಬ್ರಿಟಿಷ್ ಅಧಿಕಾರಿಗಳು ಬೀದಿನಾಯಿಗಳನ್ನು ಕೊಲ್ಲುವ ಅವಧಿಯನ್ನು ವಿಸ್ತರಿಸಿದರು. ಕೊಂದ ನಾಯಿಯೊಂದಕ್ಕೆ ಎಂಟಾಣೆ ಬಹುಮಾನ. ಬಹುಮಾನದ ಆಸೆಗೆ ಮನೆಯ ಆವರಣಗಳಿಗೂ ಕೈ ಚಾಚಿದಾಗ, ಜೂನ್ 6ರಂದು ಪಾರ್ಸಿಗಳು ಬೀದಿಗಿಳಿದರು. ಅವರೊಡನೆ ಹಿಂದೂಗಳೂ ಜೈನರೂ ಅಂಗಡಿ ಮುಚ್ಚಿದರು. ಈ ಕಲಹದ ಹಿನ್ನೆಲೆಯಲ್ಲಿಯೇ 1834ರಲ್ಲಿ ಮುಂಬಯಿ ಪಿಂಜರಾಪೋಲ್ ಸ್ಥಾಪನೆಯಾಯಿತು. ಅದರ ಸ್ಥಾಪಕರು ಪಾರ್ಸಿ ವರ್ತಕ ಜಮ್ಶೇಟ್‌ಜೀ ಜೀಜೀಭಾಯ್ ಮತ್ತು ಜೈನ ಶ್ರೇಷ್ಠಿ ಮೋತೀಚಂದ್ ಅಮೀಚಂದ್. ಶತ್ರುಂಜಯ ಗಿರಿಯ ಮೋತೀಶಾ ಟೂಂಕ್ ಈ ಶ್ರೇಷ್ಠಿಯ ಹೆಸರನ್ನೇ ಹೊತ್ತಿದೆ. ಕೊಲ್ಲುವುದರ ಬದಲು ಸಾಕುವುದು: ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಆದರೆ ಒಂದು ಆವರಣ ಎಷ್ಟು ನಾಯಿಗಳನ್ನು ಸಾಕೀತು? ಬೀದಿಯಲ್ಲಿ ಉಳಿದ ಹೆಣ್ಣುಗಳು ಪ್ರತಿವರ್ಷ ಮರಿಹಾಕುತ್ತಲೇ ಇದ್ದವು.

ಈ ಪ್ರಶ್ನೆ 1926ರಲ್ಲಿ ಅಹಮದಾಬಾದಿನಲ್ಲಿ ಜೈನ ಸಮಾಜದ ಮನೆಯೊಳಗೇ ಸ್ಫೋಟಿಸಿತು. ಜೈನ ಮನೆತನದಲ್ಲಿ ಹುಟ್ಟಿದ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿಯವರು ತಮ್ಮ ಗಿರಣಿಯ ಆವರಣದಲ್ಲಿ ಸೇರಿದ್ದ ಸುಮಾರು ಅರವತ್ತು ನಾಯಿಗಳನ್ನು, ಹುಚ್ಚು ಹಿಡಿಯುವ ಭಯದಿಂದ, ಕೊಲ್ಲಿಸಿದರು. ಜೀವದಯಾ ಸಂಘದವರು ಗಾಂಧೀಜಿಯವರಿಗೆ ಬರೆದು ಕೇಳಿದರು. ಗಾಂಧೀಜಿ ‘ಯಂಗ್ ಇಂಡಿಯಾ’ ಮತ್ತು ‘ನವಜೀವನ’ ಪತ್ರಿಕೆಗಳಲ್ಲಿ ಕೊಟ್ಟ ಉತ್ತರ ಹಲವು ವಾರಗಳ ಲೇಖನಮಾಲೆಯಾಯಿತು. ಅನಿವಾರ್ಯವಾದಾಗ ಗೃಹಸ್ಥನು ಹುಚ್ಚು ನಾಯಿಯನ್ನು ಕೊಲ್ಲಬೇಕಾದೀತು ಎಂದು ಅವರು ಹೇಳಿದುದು ಜೈನ ಓದುಗರನ್ನು ತೀವ್ರವಾಗಿ ನೋಯಿಸಿತು. ಪ್ರತಿಭಟನೆಯ ಪತ್ರಗಳು ರಾಶಿಯಾಗಿ ಬಂದವು. ಆದರೆ ಆ ಗದ್ದಲದಲ್ಲಿ ಅವರ ಇನ್ನೊಂದು ಮಾತು ಹಿಂದೆ ಬಿತ್ತು. ಒಡೆಯನಿಲ್ಲದೆ ಅಲೆಯುವ ನಾಯಿ ಸಮಾಜಕ್ಕೆ ನಾಚಿಕೆಗೇಡು, ಎಂಜಲು ಎಸೆದು ಪುಣ್ಯ ಬಂತೆಂದುಕೊಳ್ಳುವುದು ದಯೆಯಲ್ಲ, ಸಾಕುವುದಾದರೆ ಪೂರ್ಣ ಹೊಣೆ ಹೊತ್ತು ಸಾಕಬೇಕು ಎಂಬುದು ಆ ಮಾತಿನ ತಾತ್ಪರ್ಯ. ಕೊಲ್ಲುವುದರ ಬಗ್ಗೆ ಅವರೊಡನೆ ಭಿನ್ನಾಭಿಪ್ರಾಯವಿರುವವರೂ ಇದನ್ನು ತಳ್ಳಿಹಾಕಲಾರರು. ಒಟ್ಟಿನಲ್ಲಿ ಚರ್ಚೆಯ ಮುಖ್ಯಧಾರೆ ಕೊಲ್ಲುವುದೋ ಉಣಿಸುವುದೋ ಎಂಬ ಎರಡು ದಡಗಳ ನಡುವೆಯೇ ಹರಿಯಿತು. ಮದ್ರಾಸು ನಗರಸಭೆಯೂ 1860ರಿಂದ ಹಿಡಿದು ಕೊಲ್ಲುವ ಪದ್ಧತಿಯನ್ನೇ ನಡೆಸಿಕೊಂಡು ಬಂದಿತ್ತು. ನೂರಕ್ಕೂ ಹೆಚ್ಚು ವರ್ಷ ಕೊಂದರೂ ನಾಯಿಗಳ ಸಂಖ್ಯೆ ತಗ್ಗಲಿಲ್ಲ. ಕೊಂದು ಬರಿದಾದ ಬೀದಿಗೆ ಪಕ್ಕದ ಬೀದಿಯ ನಾಯಿಗಳು ಬರುತ್ತವೆ, ಉಳಿದ ಹೆಣ್ಣುಗಳ ಮರಿಗಳಿಗೆ ಆಹಾರ ಹೆಚ್ಚು ಸಿಗುತ್ತದೆ.

ಈ ವಿಷಚಕ್ರವನ್ನು ಮುರಿಯುವ ಯೋಚನೆಯೂ ಮದ್ರಾಸಿನಿಂದಲೇ ಬಂತು. ಕ್ಯಾಪ್ಟನ್ ವಿ. ಸುಂದರಂ 1959ರಲ್ಲಿ ಪ್ರಾರಂಭಿಸಿದ ಬ್ಲೂ ಕ್ರಾಸ್ ಸಂಸ್ಥೆ, ಕೊಲ್ಲುವ ಬದಲು ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯನ್ನೂ ರೇಬಿಸ್ ಲಸಿಕೆಯನ್ನೂ ಕೊಟ್ಟು ಅದೇ ಜಾಗದಲ್ಲಿ ಬಿಡುವ ಸಲಹೆಯನ್ನು 1964ರಲ್ಲಿಯೇ ಮುಂದಿಟ್ಟಿತು. ನಗರಸಭೆ ಅದನ್ನು ದಕ್ಷಿಣ ಮದ್ರಾಸಿನಲ್ಲಿ ಪರೀಕ್ಷಿಸಿ ನೋಡಲು ಒಪ್ಪಿದ್ದು 1996ರಲ್ಲಿ. ಮೂವತ್ತೆರಡು ವರ್ಷ! ಅಷ್ಟರಲ್ಲಿ, 1994ರ ನವೆಂಬರಿನಲ್ಲಿ, ಜೈಪುರದಲ್ಲಿ ‘ಹೆಲ್ಪ್ ಇನ್ ಸಫರಿಂಗ್’ ಸಂಸ್ಥೆ ಇದೇ ಕಾರ್ಯವನ್ನು ಆರಂಭಿಸಿತ್ತು. 2002ರ ಡಿಸೆಂಬರಿನವರೆಗೆ ಅಲ್ಲಿ 24,986 ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯಾಯಿತು. ಹೆಣ್ಣುಗಳಲ್ಲಿ ನೂರಕ್ಕೆ 65ರಷ್ಟು ಈ ವ್ಯಾಪ್ತಿಗೆ ಬಂದವು, ನಾಯಿಗಳ ಸಂಖ್ಯೆ ನೂರಕ್ಕೆ 28ರಷ್ಟು ಇಳಿಯಿತು, ಯೋಜನೆಯ ಪ್ರದೇಶದಲ್ಲಿ ಮನುಷ್ಯರಿಗೆ ರೇಬಿಸ್ ತಗುಲಿದ ಪ್ರಕರಣಗಳು ಸೊನ್ನೆಗಿಳಿದವು. ಹೆಣ್ಣುಗಳಿಗೆ ಆದ್ಯತೆ ಕೊಟ್ಟದ್ದು ವಿವೇಕ; ಹತ್ತು ಗಂಡುಗಳಲ್ಲಿ ಒಂಬತ್ತಕ್ಕೆ ಚಿಕಿತ್ಸೆಯಾದರೂ ಉಳಿದ ಒಂದೇ ಬೀದಿಯ ಎಲ್ಲ ಹೆಣ್ಣುಗಳಿಗೆ ಸಾಕು. ಕೇಂದ್ರ ಸರ್ಕಾರ 2001ರಲ್ಲಿ ಈ ಪದ್ಧತಿಗೆ ನಿಯಮಗಳ ರೂಪ ಕೊಟ್ಟಿತು. 2023ರಲ್ಲಿ ಹೊಸ ನಿಯಮಗಳು ಬಂದವು. ಬೆಂಗಳೂರಿನಲ್ಲಿ ಆಗಿನ ಮಹಾನಗರ ಪಾಲಿಕೆ 2023ರಲ್ಲಿ ನಡೆಸಿದ ಗಣತಿಯಂತೆ ಬೀದಿನಾಯಿಗಳು ಸುಮಾರು 2.79 ಲಕ್ಷ. 2019ರಲ್ಲಿ 3.10 ಲಕ್ಷವಿತ್ತು. ಶಸ್ತ್ರಚಿಕಿತ್ಸೆಯಾದವುಗಳ ಪ್ರಮಾಣ ಈ ಅವಧಿಯಲ್ಲಿ ನೂರಕ್ಕೆ 51ರಿಂದ ಸುಮಾರು 72ಕ್ಕೇರಿತ್ತು.

ಹಾದಿ ಅಲ್ಲಿಗೆ ಸುಗಮವಾಗಲಿಲ್ಲ. 2025ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂದು ಪೀಠ ದೆಹಲಿ ಸುತ್ತಲಿನ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಗಳಿಗೆ ಸಾಗಿಸಲು ಆದೇಶಿಸಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿ, ರೇಬಿಸ್ ತಗುಲಿದ ಮತ್ತು ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವನ್ನು ಶಸ್ತ್ರಚಿಕಿತ್ಸೆ, ಲಸಿಕೆಗಳ ಬಳಿಕ ಮೊದಲಿನ ಜಾಗಕ್ಕೇ ಬಿಡಬೇಕೆಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಸ್ಥಳಗಳಿಂದ ತೆಗೆದ ನಾಯಿಗಳನ್ನು ಮರಳಿ ಅಲ್ಲಿಗೆ ಬಿಡಕೂಡದೆಂದು ನಿರ್ದೇಶಿಸಿತು. ಶಾಲೆ, ವಿದ್ಯಾರ್ಥಿನಿಲಯ, ಚಿಕಿತ್ಸಾಲಯಗಳನ್ನು ನಡೆಸುವ ಜೈನ ಟ್ರಸ್ಟುಗಳು ಈ ಕೊನೆಯ ನಿರ್ದೇಶವನ್ನು ಗಮನವಿಟ್ಟು ಓದಬೇಕು. ಆವರಣದಲ್ಲಿ ಹುಟ್ಟಿ ಬೆಳೆದ ನಾಯಿ ಒಂದು ದಿನ ವಾಹನವೇರಿ ಹೋದರೆ ಹಿಂದಿರುಗಲಾರದು. ಅಲ್ಲಿ ಹುಟ್ಟಲು ಬಿಟ್ಟವರಿಗೂ ಅದರಲ್ಲಿ ಪಾಲಿದೆ.

ಇಷ್ಟಾದ ಮೇಲೂ ಜೈನ ಗೃಹಸ್ಥನ ಮುಂದೆ ಅತ್ಯಂತ ಕಠಿಣವಾದ ಪ್ರಶ್ನೆ ಉಳಿಯುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಅಂಡಾಶಯಗಳೊಡನೆ ಸಾಮಾನ್ಯವಾಗಿ ಗರ್ಭಕೋಶವನ್ನೂ ತೆಗೆಯುತ್ತಾರೆ. ಆಗ ನಾಯಿ ಗರ್ಭಿಣಿಯಾಗಿದ್ದರೆ ಒಳಗಿನ ಮರಿಗಳೂ ಹೋಗುತ್ತವೆ. ಅವು ಗರ್ಭಜ ಪಂಚೇಂದ್ರಿಯ ಜೀವಗಳು. ಇದನ್ನು ಛೇದವೆಂದು ಹೇಳಿ ಹಗುರಗೊಳಿಸಲು ಬರುವುದಿಲ್ಲ, ಇದು ವಧೆ. ಕೂಡಿದ ಮೇಲೆ ಗರ್ಭ ನಿಲ್ಲದಂತೆ ಕೊಡುವ ಚುಚ್ಚುಮದ್ದಿಗೂ ಬಹುಮಟ್ಟಿಗೆ ಇದೇ ಮಾತು ಸಲ್ಲುತ್ತದೆ. ಹಿಂದೆ ಬಳಸುತ್ತಿದ್ದ ಈಸ್ಟ್ರೋಜನ್ ಚುಚ್ಚುಮದ್ದಂತೂ ತಾಯಿಯ ಅಸ್ಥಿಮಜ್ಜೆಗೇ ಮಾರಕವಾಗಬಲ್ಲುದು. ಬೆದೆಯನ್ನು ಮುಂದೂಡುವ ಹಾರ್ಮೋನುಗಳೂ ನಿರಪಾಯಕರವಲ್ಲ; ಅವುಗಳಿಂದ ಗರ್ಭಕೋಶದಲ್ಲಿ ಕೀವು ತುಂಬುವ ಪ್ರಾಣಾಂತಿಕ ರೋಗ ಬಂದೀತು. ಉಳಿಯುವ ಶುದ್ಧತರ ಮಾರ್ಗ ಒಂದೇ: ಗರ್ಭ ಕಟ್ಟುವ ಮೊದಲೇ ಹೋಗುವುದು.

ಅದಕ್ಕೆ ಪಂಚಾಂಗ ಸಾಕು. ಆಶ್ವಯುಜ, ಕಾರ್ತಿಕಗಳಲ್ಲಿ ದೂರು ಹೆಚ್ಚಾಯಿತೆಂದು ಶಸ್ತ್ರಚಿಕಿತ್ಸೆಯ ವಾಹನವನ್ನು ಕರೆಸುವ ಟ್ರಸ್ಟು ಗರ್ಭಿಣಿಯರನ್ನೇ ಹಿಡಿಸಿಕೊಡುತ್ತದೆ. ಫಾಲ್ಗುಣದಿಂದ ಜ್ಯೇಷ್ಠದವರೆಗೆ, ಚಳಿಗಾಲದ ಮರಿಗಳು ಹಾಲು ಬಿಟ್ಟು ಮುಂದಿನ ಬೆದೆ ಇನ್ನೂ ಬಾರದ ತಿಂಗಳುಗಳಲ್ಲಿ ಅದೇ ಕೆಲಸ ಮಾಡಿಸಿದರೆ ಗರ್ಭಿಣಿ ಸಿಗುವ ಸಂಭವ ಬಹಳ ಕಡಿಮೆ. ಹಾಗಿದ್ದರೂ ಪ್ರತಿಯೊಂದು ಹೆಣ್ಣನ್ನೂ ವೈದ್ಯರು ಮೊದಲೇ ಪರೀಕ್ಷಿಸಬೇಕೆಂದು ಕೇಳಿಕೊಳ್ಳುವುದು ಅಗತ್ಯ. ಮನೆಯ ನಾಯಿಗಾದರೆ ಬೆದೆ ಮುಗಿದು ಎರಡು ಮೂರು ತಿಂಗಳ ಬಳಿಕದ ಕಾಲ ಪ್ರಶಸ್ತ. ಬೆದೆಯಲ್ಲಿ ರಕ್ತನಾಳಗಳು ಉಬ್ಬಿರುವುದರಿಂದ ರಕ್ತಸ್ರಾವದ ಅಪಾಯ ಹೆಚ್ಚು. ಚಿಕಿತ್ಸೆಯಾದ ಹೆಣ್ಣಿಗೆ ಮೇಲೆ ಹೇಳಿದ ಕೀವುರೋಗ ಬರುವ ಭಯ ಬಹುಮಟ್ಟಿಗೆ ತಪ್ಪುತ್ತದೆ, ಬೇಗ ಮಾಡಿಸಿದರೆ ಸ್ತನದ ಗಡ್ಡೆಗಳೂ ಕಡಿಮೆ. ಕೆಲವಕ್ಕೆ ಮೂತ್ರ ಹಿಡಿಯಲಾಗದ ತೊಂದರೆ ಬರುವುದುಂಟು. ದೊಡ್ಡ ತಳಿಗಳ ವಯಸ್ಸಿನ ವಿಷಯದಲ್ಲಿ ವೈದ್ಯರ ಮಾತು ಕೇಳಬೇಕು.

ಇನ್ನು ಅಸತೀಪೋಷಣದ ಮಾತು. ತಳಿನಾಯಿಯನ್ನು ತಂದು, ‘ಒಂದು ಸೂಲು ಆಗಲಿ’ ಎಂದು ಗಂಡಿಗೆ ಕೂಡಿಸಿ, ಮರಿಗಳನ್ನು ಸಾವಿರಗಟ್ಟಲೆ ರೂಪಾಯಿಗೆ ಮಾರುವ ಮನೆಗಳು ಶ್ರಾವಕರಲ್ಲಿಯೂ ಇವೆ. 2017ರ ಕೇಂದ್ರ ನಿಯಮಗಳು ಹದಿನೆಂಟು ತಿಂಗಳು ತುಂಬದ ಹೆಣ್ಣನ್ನು ಕೂಡಿಸಬಾರದೆಂದೂ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಕೂಡದೆಂದೂ ಮಿತಿ ಹಾಕಿವೆ. ಹೇಮಚಂದ್ರರು ಮಿತಿ ಹಾಕಲಿಲ್ಲ. ಹಣಕ್ಕಾಗಿ ಬೇಡವೇ ಬೇಡವೆಂದರು. ಬೀದಿನಾಯಿಯ ಶಸ್ತ್ರಚಿಕಿತ್ಸೆಗೆ ನಿರ್ಲಾಂಛನದ ಆಕ್ಷೇಪ ಎತ್ತುವವರು ಈ ವ್ಯಾಪಾರಕ್ಕೆ ಅಸತೀಪೋಷಣದ ಆಕ್ಷೇಪವನ್ನೂ ಅಷ್ಟೇ ದನಿಯಲ್ಲಿ ಎತ್ತಿದರೆ ಅವರ ಮಾತಿಗೆ ತೂಕ ಬರುತ್ತದೆ.

ಕಾಲ ಮೀರಿ ಗರ್ಭಿಣಿ ನಾಯಿಯೇ ಸಿಕ್ಕಿದರೆ? ಒಳಗಿನ ಜೀವಗಳನ್ನು ತೆಗೆಸಲು ಒಪ್ಪದ ಟ್ರಸ್ಟು ಅದನ್ನು ಮರಳಿ ಬೀದಿಗೆ ಬಿಟ್ಟು ಕೈತೊಳೆದುಕೊಂಡರೆ, ಆ ಮರಿಗಳಲ್ಲಿ ಹೆಚ್ಚಿನವನ್ನು ಕೆಲವು ತಿಂಗಳ ಬಳಿಕದ ಸಾವಿಗೆ ಒಪ್ಪಿಸಿದಂತೆಯೇ. ಒಪ್ಪದಿರುವುದಕ್ಕೆ ಒಂದು ಬೆಲೆಯುಂಟು. ಗರ್ಭದ ಉಳಿದ ದಿನಗಳು, ಹೆಚ್ಚೆಂದರೆ ಒಂಬತ್ತು ವಾರ. ಮರಿಗಳು ಹಾಲು ಬಿಡುವವರೆಗೆ ಇನ್ನು ಎಂಟು ವಾರ. ಅಲ್ಲಿಂದ ತಾಯಿಯ ಹಾಲು ಬತ್ತಿ ಚಿಕಿತ್ಸೆಗೆ ಸಿದ್ಧವಾಗಲು ಒಂದೆರಡು ವಾರ. ಒಟ್ಟು ನಾಲ್ಕು ತಿಂಗಳಿಗಿಂತ ತುಸು ಹೆಚ್ಚು. ಒಂದು ಮುಚ್ಚಿದ ಕೊಟ್ಟಿಗೆ, ತಾಯಿಗೆ ಎಂದಿನದಕ್ಕಿಂತ ಎರಡು ಮೂರು ಪಟ್ಟು ಆಹಾರ, ಮರಿಗಳಿಗೆ ಲಸಿಕೆ, ಅವುಗಳಿಗೆ ಮನೆ ಹುಡುಕುವ ಒಬ್ಬ ಕಾರ್ಯಕರ್ತ, ಮನೆ ಸಿಗದ ಮರಿಗಳಿಗೆ ವಯಸ್ಸಾದಾಗ ಶಸ್ತ್ರಚಿಕಿತ್ಸೆ. ಟ್ರಸ್ಟಿನ ವಾರ್ಷಿಕ ಆಯವ್ಯಯದಲ್ಲಿ ಜೀವದಯೆಯ ಹೆಸರಿನ ಬಾಬು ಇದ್ದೇ ಇರುತ್ತದೆ. ಈ ನಾಲ್ಕು ತಿಂಗಳ ಖರ್ಚು ಅದರಲ್ಲಿ ಬರೆಯಲ್ಪಡಬೇಕು, ಭಾದ್ರಪದಕ್ಕೆ ಮೊದಲೇ.